ಒಂದೇ ಗೋಡೆಗೆ ಹೊಸ ಬಣ್ಣ: ಈ ಫ್ಲ್ಯಾಟ್ ತಗೊಳ್ಳೋದಾ, ಬಿಡೋದಾ?

ಕಿಟಕಿಪಕ್ಕ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಯಬೇಡಿ.

ಒಂಬತ್ತು ತಿಂಗಳಿಂದ ಮನೆ ಹುಡುಕುತ್ತಿದ್ದೇವೆ. ಅಲೆದು ಅಲೆದು ಚಪ್ಪಲಿ ಸವೆದಿದೆ. ಕೊನೆಗೂ ಒಂದು ಫ್ಲ್ಯಾಟ್ ಇಬ್ಬರಿಗೂ ಹಿಡಿಸಿದೆ. 14 ವರ್ಷ ಹಳೇದು. ನಾಲ್ಕು ಮಹಡಿಯ ಕಟ್ಟಡ, ಇದು ಮೂರನೇ ಮಹಡಿಯಲ್ಲಿದೆ. ಎರಡು ರೂಮು, ದೊಡ್ಡ ಹಾಲ್, ಬಾಲ್ಕನಿಯಿಂದ ಕೈ ಚಾಚಿದರೆ ಮರದ ಎಲೆ ಸಿಗುತ್ತದೆ. ಶಾಲೆ, ಬಸ್ ಸ್ಟಾಪು ಎಲ್ಲ ನಡೆದು ಹೋಗುವಷ್ಟು ಹತ್ತಿರ. ಮಾಲೀಕರೂ ಒಳ್ಳೆಯವರೇ, ಮೂರು ಸಲ ಹೋದರೂ ಮುಖ ಗಂಟಿಕ್ಕಲಿಲ್ಲ.

ತಲೆ ತಿನ್ನುತ್ತಿರುವುದು ಒಂದೇ ವಿಷಯ. ಬೆಡ್‌ರೂಮಿನ ಒಂದು ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದಾರೆ. ಮಿಕ್ಕ ಮೂರೂ ಹಳೇ ಬಣ್ಣದಲ್ಲೇ ಇವೆ, ಫೋಟೋ ತೆಗೆದ ಗುರುತು ಕೂಡ ಹಾಗೇ ಇದೆ. ಕೇಳಿದ್ದಕ್ಕೆ ‘ಮಗು ಗೀಚಿತ್ತು’ ಎಂದರು. ಇರಬಹುದು. ಆದರೆ ಆ ಗೋಡೆಯ ಆಚೆ ಬದಿಗೆ ಬಾತ್‌ರೂಮ್ ಇದೆ. ನಮ್ಮನೆಯವರು ‘ನಿನಗೆ ಎಲ್ಲದರಲ್ಲೂ ಅನುಮಾನ’ ಎನ್ನುತ್ತಾರೆ. ಭಾನುವಾರ ಟೋಕನ್ ಕೊಡಬೇಕು. ಕೊಡೋದಾ, ಬೇಡ್ವಾ?

ಹಳೇಬೀಗ
ಬೇಡ.

ಮೂರುಚಕ್ರ
‘ಬೇಡ’ ಅಂದರೆ ಹೇಗೆ ಸ್ವಾಮಿ, ಕಾರಣ ಹೇಳಿ. ಮಗು ಗೀಚಿರಲೂಬಹುದು. ನಮ್ಮ ಮನೆಗೆ ಬಂದು ನೋಡಿ, ಮೊಣಕಾಲೆತ್ತರದವರೆಗೆ ಗೋಡೆಯೇ ಸ್ಲೇಟು.

ಹಳೇಬೀಗ
ಮೊಣಕಾಲೆತ್ತರಕ್ಕೆ ಗೀಚಿದ್ದಕ್ಕೆ ಸೀಲಿಂಗ್‌ವರೆಗೆ ಬಣ್ಣ ಹೊಡೆಸ್ತಾರಾ?

ಮೂರುಚಕ್ರ
ಅರ್ಧ ಗೋಡೆಗೆ ಹೊಡೆಸಿದರೆ ಚೆನ್ನಾಗಿ ಕಾಣುತ್ತಾ ಮತ್ತೆ?

ಸಿಮೆಂಟ್‌ಕೈ
ಜಗಳ ಆಮೇಲೆ ಆಡಿ. ನಾನು ಕಟ್ಟಡದ ಕೆಲಸದಲ್ಲಿ 20 ವರ್ಷ ಕಳೆದವನು. ಮೇಡಂ, ಬಣ್ಣ ಹೊಸದು ಅಂದ ಮಾತ್ರಕ್ಕೆ ಮೋಸ ಎನ್ನಲು ಬರುವುದಿಲ್ಲ. ಆದರೆ ಬಣ್ಣ ಎಲ್ಲವನ್ನೂ ಮುಚ್ಚುವುದೂ ಇಲ್ಲ. ಮತ್ತೊಮ್ಮೆ ಹೋದಾಗ ಇಷ್ಟು ನೋಡಿ.

ಮೊದಲು ಆ ಗೋಡೆಯ ಸ್ವಿಚ್‌ಬೋರ್ಡಿನ ಸ್ಕ್ರೂಗಳು. ಗೋಡೆಗೆ ಬಣ್ಣ ಹೊಡೆಯುವವರು ಸ್ಕ್ರೂ ಬದಲಾಯಿಸುವುದಿಲ್ಲ. ಒಳಗೆ ತೇವ ಇದ್ದರೆ ಅವು ತುಕ್ಕು ಹಿಡಿದಿರುತ್ತವೆ. ಎದುರು ಗೋಡೆಯ ಸ್ಕ್ರೂ ಜೊತೆ ಹೋಲಿಸಿ. ಆಮೇಲೆ ಬೆರಳ ಗೆಣ್ಣಿನಿಂದ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಹೋಗಿ. ಗಾರೆ ಬಿಟ್ಟುಕೊಂಡ ಕಡೆ ಟೊಳ್ಳು ಸದ್ದು ಬರುತ್ತದೆ. ಬಾತ್‌ರೂಮಿನ ಟೈಲ್ಸನ್ನು ನಾಣ್ಯದಿಂದ ತಟ್ಟಿದರೂ ಅದೇ ಲೆಕ್ಕ. ಸ್ಕರ್ಟಿಂಗ್ ಮೇಲೆ, ಅಂದರೆ ಗೋಡೆಯ ಬುಡದ ಪಟ್ಟಿಯ ಮೇಲೆ, ಬಿಳಿ ಪುಡಿ ಇದೆಯಾ ನೋಡಿ. ನೀರು ಸಿಮೆಂಟು, ಇಟ್ಟಿಗೆಯೊಳಗಿನ ಉಪ್ಪನ್ನು ಕರಗಿಸಿ ಹೊರಗೆ ತರುತ್ತದೆ, ನೀರು ಆರಿದ ಮೇಲೆ ಉಪ್ಪು ಅಲ್ಲೇ ಉಳಿಯುತ್ತದೆ. ಒರೆಸಿದರೂ ಮತ್ತೆ ಬರುವುದು ಅದಕ್ಕೇ.

ತೇವ ಮೇಲಿನಿಂದ ಇಳಿದಿದ್ದರೆ ಮೇಲಿನ ಮನೆಯವರ ಬಾತ್‌ರೂಮ್. ಕೆಳಗಿನ ಒಂದೆರಡು ಅಡಿಯಲ್ಲಿದ್ದರೆ ನೀವು ಕೊಳ್ಳಬೇಕೆಂದಿರುವ ಬಾತ್‌ರೂಮೇ.

ನೀಲಿಛತ್ರಿ
ನೆಲದಿಂದ ತೇವ ಏರಿರಬಹುದು ಅಲ್ವಾ? ನಮ್ಮ ಚಿಕ್ಕಮ್ಮನ ಮನೆಯಲ್ಲಿ ಹಾಗೇ ಆಗಿತ್ತು, ಸೊಂಟದೆತ್ತರದವರೆಗೆ.

ಸಿಮೆಂಟ್‌ಕೈ
ಅಕ್ಕ, ಅದು ಮಣ್ಣಿಗೆ ತಾಗಿದ ಗೋಡೆಯ ಕಥೆ. ಮಣ್ಣಿನ ನೀರನ್ನು ಇಟ್ಟಿಗೆ ಬತ್ತಿಯಂತೆ ಹೀರುತ್ತದೆ. ಸಾಮಾನ್ಯವಾಗಿ ಒಂದು ಮೀಟರ್ ಆಸುಪಾಸಿಗೆ ನಿಲ್ಲುತ್ತದೆ, ನಿಮ್ಮ ಚಿಕ್ಕಮ್ಮನ ಮನೆಯ ಸೊಂಟದೆತ್ತರ ಅದೇ. ಇದು ಮೂರನೇ ಮಹಡಿ. ಅಲ್ಲಿಗೆ ಮಣ್ಣಿನ ನೀರು ಮೆಟ್ಟಿಲು ಹತ್ತಿ ಬರಬೇಕು.

ಬಾಡಿಗೆವಾಸಿ
ಮನೆಯೇ ಬೇಡ ಅಂತೀನಿ ನಾನು. ಬಾಡಿಗೆಗೆ ಇರಿ. ಗೋಡೆ ಒದ್ದೆ ಆದರೆ ಮಾಲೀಕರಿಗೆ ಒಂದು ಫೋನ್. ಪಕ್ಕದವರು ಸರಿ ಇಲ್ಲ ಅಂದರೆ ಗಂಟುಮೂಟೆ ಕಟ್ಟಿ ಇನ್ನೊಂದು ಬೀದಿ. ಸ್ವಂತ ಮನೆ ಅಂದರೆ ಕಾಲಿಗೆ ಕಟ್ಟಿದ ಕಲ್ಲು.

ನೀಲಿಛತ್ರಿ
ಹೌದು, ಬಾಡಿಗೆದಾರರು ಫೋನ್ ಮಾಡಿದ ತಕ್ಷಣ ಮಾಲೀಕರು ಬಕೆಟ್ ಹಿಡಿದು ಓಡಿ ಬರುತ್ತಾರೆ ನೋಡಿ. ಏಳು ವರ್ಷದಲ್ಲಿ ಐದು ಮನೆ ಬದಲಾಯಿಸಿದವಳು ನಾನು. ಬೀರುವಿನ ನಾಲ್ಕು ಕಾಲೂ ಒಂದೊಂದು ಊನ ಆಗಿವೆ.

ಲೆಕ್ಕದಪುಸ್ತಕ
ಬಾಡಿಗೆಯವರು ಮಾತೆತ್ತಿದ್ದರಿಂದ ಹೇಳುತ್ತೇನೆ. ಸಾಲ ಮಾಡಿ ಕೊಳ್ಳುವುದಾದರೆ ಕಂತಿನ ಒಳಗೆ ಏನಿದೆ ಎಂದು ನೋಡಿ. 8.5% ಬಡ್ಡಿಗೆ 20 ವರ್ಷದ ಸಾಲ ಅಂದುಕೊಳ್ಳಿ. ಮೊದಲ ಕಂತಿನಲ್ಲಿ 100ಕ್ಕೆ ಹೆಚ್ಚುಕಡಿಮೆ 82 ಭಾಗ ಬಡ್ಡಿಗೇ ಹೋಗುತ್ತದೆ. ಅಸಲು ಅರ್ಧಕ್ಕೆ ಇಳಿಯುವುದು ಹತ್ತನೇ ವರ್ಷಕ್ಕಲ್ಲ, ಹದಿಮೂರು ದಾಟಿ ಹದಿನಾಲ್ಕರ ಹತ್ತಿರ. ಪೂರ್ತಿ ಅವಧಿ ಕಟ್ಟಿದರೆ ತೆಗೆದುಕೊಂಡದ್ದರ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಕಟ್ಟಿರುತ್ತೀರಿ.

ಹೆದರಿಸಲು ಹೇಳುತ್ತಿಲ್ಲ. ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚಿಗೆ ಕಟ್ಟಿ, ಅದನ್ನು ಅಸಲಿಗೇ ಹಾಕಿಸಿ. ಮೂರು ವರ್ಷಕ್ಕೂ ಮೊದಲೇ ಸಾಲ ತೀರುತ್ತದೆ.

ಮೂರುಚಕ್ರ
ಮೂರು ವರ್ಷದೊಳಗೆ ಸಾಲ ತೀರುತ್ತಾ?! ಹಾಗಾದರೆ ನಾನೂ ತಗೋತೀನಿ.

ಲೆಕ್ಕದಪುಸ್ತಕ
ಅಯ್ಯೋ. 20 ವರ್ಷದ ಬದಲು ಹದಿನಾರು ಹದಿನೇಳು ವರ್ಷಕ್ಕೆ ತೀರುತ್ತದೆ ಅಂತ. ಬರೆದಿದ್ದು ಗೊಂದಲ ಆಯ್ತು, ಕ್ಷಮಿಸಿ.

ಬಾಡಿಗೆವಾಸಿ
ಎರಡು ಪಟ್ಟು! ನಾನೇನು ಹೇಳಿದ್ದೆ?

ಲೆಕ್ಕದಪುಸ್ತಕ
ನೀವು 20 ವರ್ಷ ಕಟ್ಟುವ ಬಾಡಿಗೆಯನ್ನೂ ಒಮ್ಮೆ ಕೂಡಿ ನೋಡಿ. ಅದು ವರ್ಷ ವರ್ಷ ಏರುತ್ತದೆ ಅನ್ನುವುದನ್ನೂ ಸೇರಿಸಿ. ನನ್ನ ಲೆಕ್ಕ ಯಾರ ಪರವೂ ಅಲ್ಲ.

ನಿದ್ದೆಗೆಟ್ಟವ
ಎಲ್ಲರೂ ಗೋಡೆ, ಬಡ್ಡಿ ಅಂತಿದ್ದೀರಿ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಮೂರು ಸಲ ಹೋದಿರಲ್ಲ, ಯಾವ ಹೊತ್ತಿಗೆ ಹೋಗಿದ್ದಿರಿ?

ಕಿಟಕಿಪಕ್ಕ
ಮೂರು ಸಲವೂ ಭಾನುವಾರ, ಬೆಳಿಗ್ಗೆ 11 ಗಂಟೆ ಸುಮಾರಿಗೆ. ಬೇರೆ ದಿನ ಇಬ್ಬರಿಗೂ ಬಿಡುವಿಲ್ಲ.

ನಿದ್ದೆಗೆಟ್ಟವ
ಹಾಗಾದರೆ ನೀವು ಮನೆಯನ್ನು ಒಂದೇ ಸಲ ನೋಡಿದ್ದೀರಿ.

ನನ್ನ ಕಥೆ ಕೇಳಿ. ನಾನೂ ರಜೆ ದಿನ ಬೆಳಿಗ್ಗೆ ನೋಡಿ ಮರುಳಾದವನೇ. ಹೊಕ್ಕ ಮೊದಲ ಸೋಮವಾರ ರಾತ್ರಿ 4 ಗಂಟೆಗೆ ತಲೆದಿಂಬಿನ ಕೆಳಗೆ ಏನೋ ಗೊರಗೊರ ಅಂತು. ಎದ್ದು ಕೂತೆ. ಕೆಳಗಿನ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಮೋಟಾರು. ಅದರ ಪೈಪು ನನ್ನ ಬೆಡ್‌ರೂಮಿನ ಗೋಡೆಗೇ ಕ್ಲಾಂಪ್ ಹಾಕಿ ಹಾದುಹೋಗಿದೆ. ಕಿಟಕಿ ಮುಚ್ಚಿದರೆ ಪ್ರಯೋಜನ ಇಲ್ಲ, ಸದ್ದು ಬರುವುದು ಗಾಳಿಯಿಂದಲ್ಲ, ಗೋಡೆಯಿಂದ. ಮಲಗುವ ಕೋಣೆಯಲ್ಲಿ ರಾತ್ರಿ 30 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ನನ್ನ ಫೋನು 46 ತೋರಿಸಿತು. ಫೋನಿನ ಅಳತೆ ಕರಾರುವಾಕ್ಕಲ್ಲ, ಗೊತ್ತು. ನನ್ನ ಕಣ್ಣಿನ ಕೆಳಗಿನ ಕಪ್ಪು ಮಾತ್ರ ಕರಾರುವಾಕ್ಕು.

ಮೂರುಚಕ್ರ
30ಕ್ಕೂ 46ಕ್ಕೂ ಅಂಥ ವ್ಯತ್ಯಾಸ ಏನಿಲ್ಲ ಬಿಡಿ, ಒಂದೂವರೆ ಪಟ್ಟು.

ನಿದ್ದೆಗೆಟ್ಟವ
ಡೆಸಿಬೆಲ್ ಹಾಗೆ ಏರುವುದಿಲ್ಲ ಮಾರಾಯ್ರೆ. 10 ಜಾಸ್ತಿ ಆದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಕಿವಿಗೆ ಸುಮಾರು ಎರಡು ಪಟ್ಟು ಕೇಳುತ್ತದೆ. ನೀವು ಒಂದು ರಾತ್ರಿ ನಮ್ಮ ಮನೆಯಲ್ಲಿ ಮಲಗಿ, ಆಮೇಲೆ ಮಾತಾಡೋಣ.

ಪಡುವಣಗಾಳಿ
ಹೊತ್ತಿನ ಮಾತಿಗೆ ನನ್ನದೂ ಒಂದು. ಬೆಡ್‌ರೂಮಿನ ಹೊರಗೋಡೆ ಯಾವ ದಿಕ್ಕಿಗಿದೆ? ಪಡುವಣಕ್ಕಿದ್ದರೆ ಬೆಳಿಗ್ಗೆ 11ಕ್ಕೆ ಅದು ತಣ್ಣಗೇ ಇರುತ್ತದೆ. ಸಂಜೆ 5ಕ್ಕೆ ಅಂಗೈ ಇಟ್ಟು ನೋಡಿ. ಗೋಡೆ ಸಂಜೆವರೆಗೆ ಕುಡಿದ ಬಿಸಿಯನ್ನು ರಾತ್ರಿಯೆಲ್ಲ ಒಳಗೆ ಕಕ್ಕುತ್ತದೆ, ಹೊರಗೆ ತಂಪಾಗಿದ್ದರೂ ಒಳಗೆ ಸೆಕೆ. ನಾವು ಕಡೆಗೆ ಮಂಚವನ್ನೇ ಹಾಲ್‌ಗೆ ತಂದೆವು.

ಕಿಟಕಿಪಕ್ಕ
ಆ ಗೋಡೆ ಪೂರ್ವಕ್ಕಿದೆ. ಒಂದಾದರೂ ಬಚಾವ್! ಬುಧವಾರ ರಾತ್ರಿ ಹೋಗಿ ಬರುತ್ತೇನೆ. ಮಾಲೀಕರಿಗೆ ಏನಂತ ಹೇಳೋದು?

ನಿದ್ದೆಗೆಟ್ಟವ
‘ಅತ್ತೆ ನೋಡಬೇಕಂತೆ’ ಅನ್ನಿ. ಎಲ್ಲ ಕಡೆ ನಡೆಯುತ್ತದೆ.

ಟೇಪುಮಾಸ್ತರ
ಹೋಗುವಾಗ ಟೇಪು ತಗೊಂಡು ಹೋಗಿ. ಪೇಪರಿನಲ್ಲಿ ಎಷ್ಟು ಚದರಡಿ ಅಂತ ಬರೆದಿದ್ದಾರೆ? ಗೋಡೆಯೊಳಗಿನ ಜಾಗ ಮಾತ್ರ ಲೆಕ್ಕಕ್ಕೆ ಬರುವ ಕಾರ್ಪೆಟ್ ಏರಿಯಾನಾ, ಹೊರಗಿನ ಪಾಲನ್ನೂ ಸೇರಿಸಿದ ಸೂಪರ್ ಬಿಲ್ಟ್‌ಅಪ್ಪಾ? ನನಗೆ 1150 ಅಂತ ಹೇಳಿ ತೋರಿಸಿದ ಮನೆಯನ್ನು ಗೋಡೆಯಿಂದ ಗೋಡೆಗೆ ಅಳೆದರೆ 840 ಬಂತು. ಮಿಕ್ಕದ್ದು ಎಲ್ಲಿ ಅಂದರೆ ಗೋಡೆಯ ದಪ್ಪದಲ್ಲಿ, ಮೆಟ್ಟಿಲಲ್ಲಿ, ಲಿಫ್ಟಿನ ಗುಂಡಿಯಲ್ಲಿ ನನ್ನ ಪಾಲು. ಲಿಫ್ಟಿನ ಗುಂಡಿಯಲ್ಲಿ ನಾನು ಬೀರು ಇಡಕ್ಕಾಗುತ್ತಾ? ಬೆಲೆಯನ್ನು ಯಾವ ಅಳತೆಯಿಂದ ಭಾಗಿಸುತ್ತೀರಿ ಅನ್ನುವುದರ ಮೇಲೆ ಮನೆ ಅಗ್ಗವೋ ದುಬಾರಿಯೋ ನಿಂತಿದೆ. ಎರಡು ಮನೆ ಹೋಲಿಸುವಾಗ ಒಂದೇ ಅಳತೆ ಹಿಡಿಯಿರಿ.

ಮೂರುಚಕ್ರ
ಲಿಫ್ಟ್ ಇದೆಯಾ ಅಲ್ಲಿ? ನಾಲ್ಕು ಮಹಡಿ ಅಂದರೆ ಕೆಲವು ಕಡೆ ಇರುವುದಿಲ್ಲ.

ಕಿಟಕಿಪಕ್ಕ
ಇದೆ. ಹಳೇದು, ಎಳೆಯುವ ಕಬ್ಬಿಣದ ಬಾಗಿಲಿನದು.

ಗುಜರಿಜ್ಞಾನಿ
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳಿಬಿಡುತ್ತೇನೆ. ಲಿಫ್ಟ್ ಬರುವ ಮೊದಲು ಯುರೋಪಿನ ಎತ್ತರದ ಮನೆಗಳಲ್ಲಿ ಮೇಲಿನ ಮಹಡಿ ಬಡವರಿಗೆ, ಕೆಳಗಿನದು ಕಾಸಿದ್ದವರಿಗೆ. ಹತ್ತುವುದು ಯಾರಿಗೆ ಬೇಕು! 1854ರಲ್ಲಿ ಓಟಿಸ್ ಎನ್ನುವವನು ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ತಾನು ನಿಂತ ಹಲಗೆಯ ಹಗ್ಗವನ್ನೇ ಜನರ ಮುಂದೆ ಕತ್ತರಿಸಿಸಿದ. ಹಲಗೆ ಬೀಳಲಿಲ್ಲ, ಅವನು ಮಾಡಿದ್ದ ಬ್ರೇಕ್ ಹಿಡಿದುಕೊಂಡಿತು. 1857ರಲ್ಲಿ ಅದೇ ಊರಿನ ಒಂದು ಅಂಗಡಿಯಲ್ಲಿ ಜನ ಹತ್ತುವ ಲಿಫ್ಟ್ ಕೂರಿಸಿದ. ಆಮೇಲೆ ನಿಧಾನಕ್ಕೆ ಲೆಕ್ಕ ತಿರುಗಿತು. ಮೇಲಿನ ಮಹಡಿಗೆ ಬೆಲೆ ಜಾಸ್ತಿ ಆಯ್ತು.

ಹಳೇಬೀಗ
ಅವರು ಕೇಳಿದ್ದು ಗೋಡೆ ಬಗ್ಗೆ.

ಗುಜರಿಜ್ಞಾನಿ
ಮೊದಲೇ ಹೇಳಿದೆನಲ್ಲ.

ಸುಮ್ನಿರೋಳು
ಲಿಫ್ಟ್ ಮಾತು ಸುಮ್ನೆ ಅಲ್ಲ ಕಣ್ರೀ. 14 ವರ್ಷದ ಲಿಫ್ಟನ್ನು ಇನ್ನು ಕೆಲವು ವರ್ಷಕ್ಕೆ ಬದಲಾಯಿಸಬೇಕಾಗುತ್ತದೆ. ದುಡ್ಡು ಯಾರದು? ಸಂಘದ ಖಾತೆಯಲ್ಲಿ ಎಷ್ಟಿದೆ ಕೇಳಿ. ಕಳೆದ ಎರಡು ಮೂರು ವರ್ಷದ ಸಭೆಯ ನಡಾವಳಿ ಪುಸ್ತಕ ಕೊಡಿ ಅನ್ನಿ. ಅದರಲ್ಲಿ ಎಲ್ಲ ಇರುತ್ತದೆ: ಯಾರ ಮನೆ ಸೋರುತ್ತಿದೆ, ಯಾರು ತಿಂಗಳ ಮೇಂಟೆನೆನ್ಸ್ ಬಾಕಿ ಇಟ್ಟಿದ್ದಾರೆ, ಟೆರೇಸಿನ ವಾಟರ್‌ಪ್ರೂಫಿಂಗ್ ಎಷ್ಟು ಸಲ ಮುಂದಕ್ಕೆ ಹೋಗಿದೆ. ನಾನು ಮೂರು ವರ್ಷ ಕಾರ್ಯದರ್ಶಿ ಆಗಿದ್ದೆ. ನಮ್ಮ ಕಟ್ಟಡದಲ್ಲಿ ಒಂಬತ್ತು ಮನೆ ಕೈ ಬದಲಾದವು, ಒಬ್ಬರೇ ಒಬ್ಬರು ಬಂದು ಪುಸ್ತಕ ಕೇಳಿದ್ದು. ಮಾರುವವರ ಹೆಸರಲ್ಲಿ ಬಾಕಿ ಇದ್ದರೆ ಅದನ್ನೂ ಅವರ ಕೈಯಲ್ಲೇ ತೀರಿಸಿ, ಬಾಕಿ ಇಲ್ಲ ಅಂತ ಬರೆಸಿಕೊಳ್ಳಿ. ಇಲ್ಲದಿದ್ದರೆ ನಾಳೆ ನಿಮ್ಮ ಬಾಗಿಲು ತಟ್ಟುತ್ತಾರೆ.

ನೀಲಿಛತ್ರಿ
ಬ್ರೋಕರ್ ಏನಂತಾರೆ ಮೇಡಂ? ಅವರ ಬಗ್ಗೆ ಒಂದಕ್ಷರ ಬರೆದಿಲ್ಲ.

ಕಿಟಕಿಪಕ್ಕ
‘ಇನ್ನೊಬ್ಬರು ಶುಕ್ರವಾರ ಬರುತ್ತಿದ್ದಾರೆ, ಬೇಗ ತೀರ್ಮಾನ ಮಾಡಿ’ ಅಂತಾರೆ.

ಹಳೇಬೀಗ
ಆ ಶುಕ್ರವಾರದ ಇನ್ನೊಬ್ಬರು ನನಗೂ ಗೊತ್ತು. ನಾನು ಮನೆ ನೋಡುವಾಗಲೂ ಅವರೇ ಬರುತ್ತಿದ್ದರು.

ಗುಜರಿಜ್ಞಾನಿ
ಇದಕ್ಕೆ ಅಧ್ಯಯನವೇ ಇದೆ. ಲೆವಿಟ್ ಮತ್ತು ಸೈವರ್ಸನ್ ಎನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಶಿಕಾಗೋ ಸುತ್ತಮುತ್ತಲ ಸುಮಾರು ಒಂದು ಲಕ್ಷ ಮನೆ ಮಾರಾಟವನ್ನು ನೋಡಿ 2008ರಲ್ಲಿ ಪ್ರಕಟಿಸಿದರು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಗಿರಾಕಿಗಳ ಮನೆಗಿಂತ ಒಂಬತ್ತೂವರೆ ದಿನ ಹೆಚ್ಚು ಕಾದು, 3.7% ಹೆಚ್ಚು ಬೆಲೆ ಪಡೆದಿದ್ದರು. ಅಂದರೆ ಬೇರೆಯವರ ಮನೆ ಆದಾಗ ‘ಬೇಗ ಮುಗಿಸಿ’, ತಮ್ಮದಾದಾಗ ‘ಸ್ವಲ್ಪ ತಾಳಿ’.

ಮೂರುಚಕ್ರ
ಅದು ಮಾರುವವರಿಗೆ ಆದ ನಷ್ಟ. ಇವರು ಕೊಳ್ಳುವವರು. ನಿಮ್ಮ ಅಧ್ಯಯನದ ಪ್ರಕಾರ ಆತುರದ ಬ್ರೋಕರ್ ಇವರಿಗೆ ಲಾಭವೇ ಅಲ್ವಾ?

ಗುಜರಿಜ್ಞಾನಿ
ಹಾಂ... ಬೆಲೆಯ ಮಟ್ಟಿಗೆ ಒಪ್ಪಿದೆ. ಆದರೆ ಗೋಡೆ ತಟ್ಟಲು ಬಿಡುವು ಕೊಡದ ಆತುರ ಯಾರಿಗೂ ಲಾಭ ಅಲ್ಲ.

ಲೆಕ್ಕದಪುಸ್ತಕ
ಇನ್ನೊಂದು. ಮಾರುವವರು ಹೇಳಿದ ಬೆಲೆಯನ್ನು ಮೊದಲು ಕೇಳಿಸಿಕೊಂಡರೆ ನಮ್ಮ ಅಂದಾಜು ಅದರ ಸುತ್ತಲೇ ಗಿರಕಿ ಹೊಡೆಯುತ್ತದೆ. 1987ರ ಒಂದು ಪ್ರಯೋಗದಲ್ಲಿ ಒಂದೇ ಮನೆಯನ್ನು ಬೇರೆ ಬೇರೆ ಬೆಲೆಪಟ್ಟಿ ಕೊಟ್ಟು ತೋರಿಸಿದ್ದರು. ನುರಿತ ಏಜೆಂಟರ ಅಂದಾಜು ಕೂಡ ಆ ಬೆಲೆಯ ಹಿಂದೆಯೇ ಹೋಯಿತು. ಹಾಗಾಗಿ ಅದೇ ಬೀದಿಯಲ್ಲಿ ಇತ್ತೀಚೆಗೆ ರಿಜಿಸ್ಟರ್ ಆದ ಎರಡು ಮೂರು ಮನೆಯ ಬೆಲೆ ಮೊದಲು ತಿಳಿದುಕೊಳ್ಳಿ. ನಿಮ್ಮ ಗರಿಷ್ಠ ಎಷ್ಟು ಅಂತ ಚೀಟಿಯಲ್ಲಿ ಬರೆದಿಡಿ. ಆಮೇಲೆ ಚೌಕಾಸಿಗೆ ಕೂರಿ.

ಸಿಮೆಂಟ್‌ಕೈ
ನೀರಿನ ಒತ್ತಡವನ್ನೂ ನೋಡಿ ಮೇಡಂ, ಮರೆತಿದ್ದೆ. ಟ್ಯಾಂಕು ಟೆರೇಸಿನ ಮೇಲಿದ್ದರೆ ಅದರ ಎತ್ತರವೇ ಒತ್ತಡ. 10 ಮೀಟರ್ ಎತ್ತರದ ನೀರಿಗೆ ಹತ್ತಿರ ಹತ್ತಿರ 1 ಬಾರ್. ನಿಮ್ಮ ಷವರಿನಿಂದ ಟ್ಯಾಂಕಿಗೆ ನಾಲ್ಕೈದು ಮೀಟರ್ ಇರಬಹುದು, ಅರ್ಧ ಬಾರ್ ಕೂಡ ಸಿಗುವುದು ಕಷ್ಟ. ಎರಡು ನಲ್ಲಿ ಒಟ್ಟಿಗೆ ಬಿಟ್ಟು ನೋಡಿ. ಆಮೇಲೆ ಫ್ಲಷ್ ಒತ್ತಿ.

ಕಿಟಕಿಪಕ್ಕ
ಬುಧವಾರ ರಾತ್ರಿ ಹೋಗಿ ಬಂದೆವು. ಬರೆಯಲು ಕೈ ತವಕಿಸುತ್ತಿದೆ.

ಮೊದಲು ಪಾರ್ಕಿಂಗ್. ಭಾನುವಾರ ಖಾಲಿ ಇದ್ದ ಜಾಗದಲ್ಲಿ ಈಗ ಕಾರಿಗೆ ಕಾರು ಅಂಟಿಕೊಂಡಿವೆ. ನಮ್ಮದು ಅಂತ ತೋರಿಸಿದ್ದ ಜಾಗದಲ್ಲಿ ಬೇರೆ ಯಾರದೋ ಕಾರು, ಅದರ ಹಿಂದೆ ಇನ್ನೊಂದು. ‘ಹೇಳಿದರೆ ತೆಗೆಯುತ್ತಾರೆ’ ಎಂದರು ಮಾಲೀಕರು. ಸದ್ದು ಪರವಾಗಿಲ್ಲ, ಮೋಟಾರು ಆಚೆ ಬದಿಗಿದೆ. ನೀರು ಸಣ್ಣಗೆ ಬರುತ್ತದೆ, ಸಿಮೆಂಟ್‌ಕೈ ಸರ್ ಹೇಳಿದ ಹಾಗೇ. ಫ್ಲಷ್ ಒತ್ತಿದಾಗ ಷವರು ನಿಂತೇ ಹೋಯಿತು.

ಇನ್ನು ಗೋಡೆ. ನಮ್ಮನೆಯವರು ಮಾಲೀಕರನ್ನು ಹಾಲ್‌ನಲ್ಲಿ ಮಾತಿಗೆಳೆದರು, ನಾನು ಫೋನಿನ ಟಾರ್ಚ್ ಹಿಡಿದು ಸ್ವಿಚ್‌ಬೋರ್ಡ್ ಹತ್ತಿರ ಬಗ್ಗಿದೆ. ಎದುರು ಗೋಡೆಯ ಸ್ಕ್ರೂ ಫಳಫಳ. ಈ ಗೋಡೆಯ ಎರಡು ಸ್ಕ್ರೂನಲ್ಲಿ ಕೆಳಗಿನದು ತುಕ್ಕು ಹಿಡಿದು ಅದರ ಗೀರೇ ಕಾಣುವುದಿಲ್ಲ. ತಟ್ಟಿದೆ. ಮೊಣಕಾಲಿನ ಕೆಳಗೆ ಎರಡು ಕಡೆ ಟೊಳ್ಳು. ಅಷ್ಟರಲ್ಲಿ ಅವರ ಮಗು ಬಂದು ‘ಆಂಟಿ ಏನ್ ಮಾಡ್ತಿದೀರ’ ಅಂತು. ‘ನೀನು ಗೀಚಿದ್ದು ಎಲ್ಲಿ ಪುಟ್ಟಾ’ ಎಂದೆ. ‘ನಾನು ಗೀಚಿಲ್ಲ!’ ಅಂತ ಅಳುವುದಕ್ಕೇ ಬಂತು ಪಾಪ.

ಹಳೇಬೀಗ
ಕೇಸ್ ಮುಗಿಯಿತು.

ನೀಲಿಛತ್ರಿ
ಮಗುವಿನ ಮೇಲೆ ಹಾಕಿದ್ದಾರಲ್ಲ, ಅದು ನನಗೆ ಜಾಸ್ತಿ ಸಿಟ್ಟು ಬಂತು.

ಸಿಮೆಂಟ್‌ಕೈ
ಮುಗಿದಿಲ್ಲ. ಕೆಳಗಿನ ಭಾಗದಲ್ಲಿ ಟೊಳ್ಳು ಅಂದರೆ ಆ ಮನೆಯದ್ದೇ ಬಾತ್‌ರೂಮಿನ ನೆಲ, ಇಲ್ಲವೇ ಗೋಡೆಯೊಳಗಿನ ಪೈಪು. ರಿಪೇರಿ ಆಗದ ರೋಗ ಅಲ್ಲ. ಮೇಲಿನವರದ್ದಾಗಿದ್ದರೆ ಅವರ ಕಾಲು ಹಿಡಿಯಬೇಕಿತ್ತು, ಇದು ನಿಮ್ಮ ಕೈಯಲ್ಲೇ ಇದೆ. ಒಂದು ಪರೀಕ್ಷೆ ಹೇಳುತ್ತೇನೆ. ನೆಲದ ಜಾಲರಿ ತೂತನ್ನು ಬಿಗಿಯಾಗಿ ಮುಚ್ಚಿ, ಒಂದು ಇಂಚು ನೀರು ನಿಲ್ಲಿಸಿ, ಗೋಡೆ ಮೇಲೆ ಪೆನ್ಸಿಲ್ ಗೆರೆ ಹಾಕಿ 24 ಗಂಟೆ ಬಿಡಿ. ಗೆರೆಯಿಂದ ಕೂದಲೆಳೆಯಷ್ಟು ಇಳಿದರೆ ಆವಿ. ಬೆರಳಗಲ ಇಳಿದರೆ ಎಲ್ಲಿಗೋ ಹೋಗಿದೆ. ಜೊತೆಗೆ ಎರಡನೇ ಮಹಡಿಯವರ ಬಾತ್‌ರೂಮಿನ ಸೀಲಿಂಗ್ ನೋಡಬೇಕು. ಇದನ್ನೆಲ್ಲ ಮಾಲೀಕರನ್ನು ಒಪ್ಪಿಸಿಯೇ ಮಾಡಿ, ಕದ್ದು ಮಾಡುವ ಕೆಲಸ ಅಲ್ಲ.

ಮೂರುಚಕ್ರ
ಒಬ್ಬ ಮಾಲೀಕ ಒಪ್ಪುತ್ತಾನಾ ಇದಕ್ಕೆ? ಮನೆ ಮಾರುತ್ತಿದ್ದಾನೋ, ಈಜುಕೊಳ ಮಾಡುತ್ತಿದ್ದಾನೋ?

ಸಿಮೆಂಟ್‌ಕೈ
ಒಪ್ಪದಿದ್ದರೆ ಅದೂ ಒಂದು ಉತ್ತರ.

ಮೂರುಚಕ್ರ
ಗೋಡೆಯಲ್ಲಿ ಬಿರುಕು ಇದ್ದರೂ ಇಷ್ಟೇ ಗಲಾಟೆ ಮಾಡಬೇಕಾ? ನಮ್ಮ ಮನೆ ತುಂಬ ಇವೆ.

ಸಿಮೆಂಟ್‌ಕೈ
ಗಾರೆಯ ಮೇಲಿನ ಕೂದಲೆಳೆ ಬಿರುಕಿಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ತೊಲೆಯೂ ಗೋಡೆಯೂ ಸೇರುವ ಕಡೆ ಸಾಲಾಗಿ ಬರುವುದೂ ಮಾಮೂಲು. ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಹೋಗಿದ್ದು, 5 ಮಿಲಿಮೀಟರ್ ದಾಟಿದ್ದರೆ ಎಂಜಿನಿಯರ್ ಕರೆಸಿ. ಬಿರುಕಿನ ಎರಡು ತುದಿಗೂ ಪೆನ್ಸಿಲ್ ಗುರುತು ಹಾಕಿ ತಾರೀಖು ಬರೆಯಿರಿ. ಗುರುತು ದಾಟಿ ಮುಂದೆ ಹೋದರೆ ಕಟ್ಟಡ ಇನ್ನೂ ಅಲುಗುತ್ತಿದೆ ಅಂತ ಅರ್ಥ.

ಬಾಡಿಗೆವಾಸಿ
‘ಮನೆ ಕಟ್ಟಿ ನೋಡು’ ಅಂದರು ಹಿರಿಯರು. ‘ಮನೆ ಕೊಂಡು ನೋಡು’ ಅಂತ ಸೇರಿಸಲು ಮರೆತರು.

ಸುಮ್ನಿರೋಳು
ಗೋಡೆ ಕಥೆ ಏನೇ ಆಗಲಿ, ಕಾಗದಪತ್ರ ವಕೀಲರಿಗೆ ತೋರಿಸಿದ್ದೀರಾ? ಮನೆ ಮೇಲೆ ಸಾಲ ಇದೆಯಾ, ಪಾರ್ಕಿಂಗ್ ಜಾಗ ಪತ್ರದಲ್ಲಿ ಇದೆಯಾ, ಬರೀ ಬಾಯಿಮಾತಾ? ಆ ಕಾರು ನಿಂತಿದ್ದು ನನಗೆ ಗೋಡೆಗಿಂತ ಜಾಸ್ತಿ ಚಿಂತೆ. ಗೋಡೆಗೆ ಗಾರೆ ಹಾಕಿಸಬಹುದು, ಪಕ್ಕದವರ ಕಾರಿಗೆ ಏನು ಹಾಕಿಸುತ್ತೀರಿ?

ಕಿಟಕಿಪಕ್ಕ
ವಕೀಲರಿಗೆ ಕೊಟ್ಟಿದ್ದೇವೆ. ಪಾರ್ಕಿಂಗ್ ಪತ್ರದಲ್ಲಿ ಇದೆ, ನಂಬರ್ ಸಮೇತ. ಅದೊಂದು ಸಮಾಧಾನ.

ಶನಿವಾರದ ಸುದ್ದಿ: ಮಾಲೀಕರಿಗೆ ನೇರವಾಗಿ ಹೇಳಿದೆ. ಮೊದಲು ಸಿಡುಕಿದರು. ಆಮೇಲೆ ‘ಎರಡು ವರ್ಷದ ಹಿಂದೆ ಜಾಲರಿ ಪಕ್ಕ ಸೋರಿತ್ತು, ಸರಿ ಮಾಡಿಸಿದ್ದೇವೆ’ ಎಂದರು. ನೀರು ನಿಲ್ಲಿಸುವ ಪರೀಕ್ಷೆಗೆ ‘ಮನೆಯವರನ್ನು ಕೇಳಿ ಹೇಳುತ್ತೇನೆ’ ಅಂತ ಹೋದವರು ಇನ್ನೂ ಫೋನ್ ಎತ್ತಿಲ್ಲ. ಟೋಕನ್ ಕೊಡುತ್ತಿಲ್ಲ. ನಮ್ಮನೆಯವರು ಈಗ ಕಂಡ ಕಂಡ ಕಡೆ ಗೋಡೆ ತಟ್ಟುತ್ತಿದ್ದಾರೆ, ನಿನ್ನೆ ನನ್ನ ತಂಗಿ ಮನೆಯಲ್ಲೂ ಬಿಡಲಿಲ್ಲ.

ಮೂರುಚಕ್ರ
ಶುಕ್ರವಾರದ ಇನ್ನೊಬ್ಬರು ಬಂದಿದ್ದರಾ?

ಕಿಟಕಿಪಕ್ಕ
ಯಾರೂ ಬಂದಿಲ್ಲ. ಆದರೆ ಕೇಳಿ. ನಾವು ಇಳಿದು ಬರುವಾಗ ಅದೇ ಕಟ್ಟಡದ ಮೊದಲ ಮಹಡಿಯವರು ನಿಲ್ಲಿಸಿ, ತಮ್ಮದೂ ಮಾರಾಟಕ್ಕಿದೆ, ನೋಡಿ ಹೋಗಿ ಎಂದರು. ಒಳಗೆ ಹೋದೆವು. ಅಲ್ಲಿ ನಾಲ್ಕೂ ಗೋಡೆಗೆ ಹೊಸ ಬಣ್ಣ.

ಸಿಮೆಂಟ್‌ಕೈ
ಸ್ಕ್ರೂ ನೋಡಿದಿರಾ?

ಕಿಟಕಿಪಕ್ಕ
ನೋಡಿದೆ. ಸ್ಕ್ರೂನೂ ಹೊಸದು.